ತಲೆಯೊಳಗಿನ ಹಾಳೆಯೂ ಈಶ್ವರ ಉಳಿಸಿಕೊಟ್ಟ ಮಾತೂ

ಭಗವಂತನನ್ನು ನಂಬಿ ಬದುಕುವ ನಿಮ್ಮೆಲ್ಲರಿಗೂ ಅರಸೀಕೆರೆಯ ಗಿರಿಜಮ್ಮನ ಶರಣು. ನಮ್ಮ ಮನೆಗೆ ಬಂದ ಕಷ್ಟವನ್ನೂ ಅದು ಕಳೆದ ಬಗೆಯನ್ನೂ ಇದ್ದದ್ದು ಇದ್ದ ಹಾಗೆ ಬರೆಯುತ್ತಿದ್ದೇನೆ.

ನಮ್ಮದು ಕೊಬ್ಬರಿ ವ್ಯಾಪಾರ. ಯಜಮಾನರಿಗೆ ಮೂರ್ಛೆರೋಗ. ಮಾತಾಡುತ್ತಾ ಇದ್ದವರು ಅರ್ಧಕ್ಕೇ ನಿಲ್ಲಿಸಿ, ತುಟಿ ಚಪ್ಪರಿಸಿ, ಒಂದೇ ಕಡೆ ನೋಡುತ್ತಾ ಬಿದ್ದುಬಿಡುತ್ತಿದ್ದರು. ಹಾಸನದ ಡಾಕ್ಟರು ಮಾತ್ರೆಯ ಮೇಲೆ ಮಾತ್ರೆ ಬದಲಾಯಿಸಿದರು. ಬೀಗದ ಕೈ ಹಿಡಿಸಿ ಎಂದು ಹೇಳುವವರಿಗೂ ಕೊರತೆಯಿರಲಿಲ್ಲ. ಹಿಡಿಸಿ ಹಿಡಿಸಿ ಬೀಗದ ಕೈ ಸವೆಯಿತೇ ಹೊರತು ರೋಗ ಸವೆಯಲಿಲ್ಲ. 2005ರ ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ, ಕಾಯಿ ಸುಲಿಯಲು ನೆಲಕ್ಕೆ ನೆಟ್ಟಿದ್ದ ಚೂಪು ಹಾರೆಯ ಪಕ್ಕದಲ್ಲೇ ಬಿದ್ದರು. ಒಂದು ಗೇಣು ಈಚೆಗೆ ಬಿದ್ದಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ.

ಮರುದಿನವೇ ಅರಸೀಕೆರೆಯಲ್ಲಿ ರೈಲು ಹತ್ತಿ ಬೆಂಗಳೂರಿನ ಒಂದು ದೊಡ್ಡಾಸ್ಪತ್ರೆಗೆ ಹೋದೆವು. ಅಲ್ಲಿಯ ಡಾಕ್ಟರು ಕೇರಳದವರು, ಕಲಿತ ಕನ್ನಡದಲ್ಲಿ ನಿಧಾನವಾಗಿ ಮಾತಾಡುತ್ತಿದ್ದರು. ಮೂರ್ಛೆ ಹುಟ್ಟುವ ಜಾಗ ಮೆದುಳಿನ ಎಡಭಾಗದಲ್ಲಿದೆ, ಅಷ್ಟನ್ನು ತೆಗೆದರೆ ಗುಣವಾಗಬಹುದು ಎಂದರು. ಮಾತಿನ ಜಾಗವೂ ಅದರ ಆಸುಪಾಸಿನಲ್ಲೇ ಇರುತ್ತದಂತೆ. "ಎರಡೂ ಒಂದೇ ಕಡೆ ಇದ್ದರೆ ನಾನು ಕತ್ತರಿ ಹಾಕುವುದಿಲ್ಲ ಅಮ್ಮಾ. ಮೊದಲು ಪರೀಕ್ಷೆ ಮಾಡೋಣ," ಎಂದು ಒಂದು ಸಣ್ಣ ಹಾಳೆ ತೋರಿಸಿದರು. ಹಾಲಿನ ಕೆನೆಯಂತೆ ಮೆತ್ತಗೆ ಬಾಗುವ ಹಾಳೆ, ಅದರ ಮೈತುಂಬ ಲೋಹದ ಚುಕ್ಕೆಗಳು, ತುದಿಯಲ್ಲಿ ಎಳೆ ಎಳೆ ತಂತಿ. ಅದನ್ನು ಮೆದುಳಿನ ಮೇಲೆ ಹಾಸುತ್ತಾರೆ. ಮೂರ್ಛೆ ಎಲ್ಲಿ ಏಳುತ್ತದೆಂದು ಆ ಚುಕ್ಕೆಗಳು ಯಂತ್ರಕ್ಕೆ ತಿಳಿಸುತ್ತವೆ. ಆಮೇಲೆ ಒಂದೊಂದೇ ಚುಕ್ಕೆಗೆ ಚೂರೇ ಚೂರು ಕರೆಂಟು ಕೊಟ್ಟು ಮಾತಾಡಿಸುತ್ತಾರೆ. ಯಾವ ಚುಕ್ಕೆಯಲ್ಲಿ ಮಾತು ಕೆಡುತ್ತದೋ ಆ ಜಾಗವನ್ನು ಮುಟ್ಟುವುದಿಲ್ಲ.

ನಮ್ಮವರಿಗೆ ಮಾತೇ ಬಂಡವಾಳ. ಕೊಬ್ಬರಿ ಒಡೆಯುವ ಮುಂಚೆಯೇ ಮಾತಿನಲ್ಲಿ ಅದರ ತೂಕ ಇಳಿಸುವ ಮನುಷ್ಯ. ಆದರೂ ಅವರು, "ಹಾಕ್ಲಿ ಬಿಡೇ, ತಲೇಲಿ ಏನೈತೆ ಅಂತ ನಿಂಗೂ ಗೊತ್ತಾಗ್ಲಿ," ಎಂದು ನಗಿಸಿದರು.

ಹಾಳೆ ಹಾಸಿದರು. ಮುಂಡಾಸಿನಂಥ ಬ್ಯಾಂಡೇಜಿನಿಂದ ತಂತಿ ಇಳಿಬಿಟ್ಟುಕೊಂಡು ನಮ್ಮವರು ಮಂಚದ ಮೇಲೆ ಕೂತಿರುತ್ತಿದ್ದರು. ಮೂರ್ಛೆ ಬಂತು, ಅದರ ಜಾಗವೂ ಸಿಕ್ಕಿತು. ಆಮೇಲೆ ಮಾತಿನ ಪರೀಕ್ಷೆ. ಮೊದಲು ಕರೆಂಟಿಲ್ಲದೆ ಒಂದರಿಂದ ಹತ್ತು ಹೇಳಿಸಿದರು, ಸಲೀಸಾಗಿ ಹೇಳಿದರು. ಕರೆಂಟು ಕೊಡುವಾಗ ನನ್ನನ್ನು ಹೊರಗೆ ಕಳಿಸಿದರು.

ಮಧ್ಯಾಹ್ನ ಡಾಕ್ಟರು ಬಂದು ತಲೆ ಅಲ್ಲಾಡಿಸಿದರು. "ಕೈಗೆ ಮರದ ಮಣಿ ಕೊಟ್ಟು, ಎತ್ತಿಡುತ್ತಾ ಎಣಿಸಿ ಎಂದೆವು. ಮೊದಲಿಗೇ ಮೂರ್ಛೆಯ ಜಾಗಕ್ಕೆ ಕರೆಂಟು ಕೊಟ್ಟೆವು, ಪ್ರತಿ ಸಲವೂ ಎಣಿಕೆ ತಪ್ಪುತ್ತಿದೆ. ಅಲ್ಲಿ ಕೈ ಹಾಕಿದರೆ ಇವರ ಮಾತು ಹೋಗುತ್ತದೆ. ಕ್ಷಮಿಸಿ ಅಮ್ಮಾ, ಹಾಳೆ ತೆಗೆದು ಮನೆಗೆ ಕಳಿಸುತ್ತೇವೆ."

ಒಳಗೆ ಹೋದರೆ ನಮ್ಮವರು ಮುಖ ಗಂಟಿಕ್ಕಿಕೊಂಡಿದ್ದರು. "ಸರಿಯಾಗೇ ಎಣಿಸ್ದೆ ಕಣೇ. ಅವ್ರ್ಯಾಕೆ ಮುಖ ಮುಖ ನೋಡ್ಕೊಂಡ್ರೋ."

ಪಾಪ, ತಪ್ಪಿದ್ದು ಇವರಿಗೇ ತಿಳಿಯುತ್ತಿಲ್ಲವಲ್ಲ ಎಂದುಕೊಂಡೆ. ಊರಿಗೆ ಹೋದರೆ ಮತ್ತೆ ಅದೇ ಮೂರ್ಛೆ, ಅದೇ ಹಾರೆ.

ಆಸ್ಪತ್ರೆಯ ಹಿಂದೆ ಅರಳಿಮರದ ಕೆಳಗೆ ಒಂದು ಪುಟ್ಟ ಈಶ್ವರನ ಗುಡಿ. ಹೋಗಿ ಕೂತೆ. ನನ್ನ ತವರು ಹಳೇಬೀಡು. ಅಲ್ಲಿ ಗೋಡೆಯ ಶಿಲ್ಪ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ, ಒಳಗಿನ ಲಿಂಗಕ್ಕೆ ಕೈಮುಗಿಯುವವರು ಕಡಿಮೆ. ಚಿಕ್ಕಂದಿನಿಂದ ಆ ಈಶ್ವರ ಒಬ್ಬನೇ ಇರುತ್ತಾನೆಂದು ಅವನ ಜೊತೆ ಸಲಿಗೆಯಿಂದ ಮಾತಾಡಿ ನನಗೆ ಅಭ್ಯಾಸ. ಇಲ್ಲಿಯೂ ಜಗಳಕ್ಕೇ ನಿಂತೆ. "ಅವರ ಜೀವವೂ ಬೇಕು, ಮಾತೂ ಬೇಕು. ಎರಡರಲ್ಲಿ ಆರಿಸಿಕೋ ಅಂದರೆ ನಾನು ಇಲ್ಲಿಂದ ಏಳುವುದಿಲ್ಲ, ನೋಡು."

ಅಳು ಇನ್ನೂ ಮುಗಿದಿರಲಿಲ್ಲ. ಅಷ್ಟರಲ್ಲಿ ಅರ್ಚಕರು ಸೊಂಟ ಹಿಡಿದುಕೊಂಡು ಕರೆದರು. "ಅಮ್ಮಾ, ನಂಗೆ ಬಗ್ಗಕ್ಕೆ ಆಗ್ತಿಲ್ಲ. ಈ ಕಾಯಿಗಳನ್ನ ಎಣಿಸಿ ಚೀಲಕ್ಕೆ ಹಾಕ್ಕೊಡ್ತೀರಾ?" ಗುಡಿಯಲ್ಲಿ ಬೇರೆ ಜನರೂ ಇದ್ದರು. ನನ್ನನ್ನೇ ಯಾಕೆ ಕರೆದರೋ ಇವತ್ತಿಗೂ ಗೊತ್ತಿಲ್ಲ. ಆಗ ಮಾತ್ರ ಸಿಟ್ಟೇ ಬಂತು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಕಾಯಿ ಎತ್ತಿ ಹಾಕತೊಡಗಿದೆ. "ಲಾಭ, ಎರಡು, ಮೂರು..."

ಕೈಯಲ್ಲಿದ್ದ ಕಾಯಿ ಹಾಗೇ ನಿಂತಿತು.

ಕಾಯಿ, ಕೊಬ್ಬರಿ, ರಾಗಿ, ಯಾವುದನ್ನು ಎಣಿಸಲಿ, ಅಳೆಯಲಿ, ನಮ್ಮ ಕಡೆ ಮೊದಲನೆಯದಕ್ಕೆ ಒಂದು ಎನ್ನುವುದಿಲ್ಲ. ವ್ಯಾಪಾರ ಲಾಭದಿಂದಲೇ ಶುರುವಾಗಲಿ ಎಂದು ಹಿರಿಯರು ಮಾಡಿದ ರೂಢಿ. ಬರೀ ಬಾಯಲ್ಲಿ ಹೇಳು ಎಂದರೆ ಒಂದು ಎನ್ನುತ್ತೇವೆ. ಕೈಗೆ ವಸ್ತು ಬಂದರೆ ನಾಲಿಗೆ ತಾನಾಗಿ ಲಾಭ ಎನ್ನುತ್ತದೆ.

ಚೀಲ ಅಲ್ಲೇ ಬಿಟ್ಟು ಓಡಿದೆ. ಡಾಕ್ಟರು ಮನೆಗೆ ಹೊರಟು ಮೆಟ್ಟಿಲಿಳಿಯುತ್ತಿದ್ದರು.

"ಸಾರ್, ಮೊದಲ್ನೇ ಮಣಿಗೆ ನಮ್ಮನೆಯವ್ರು ಏನಂದ್ರು?"

"ಒಂದು ಎನ್ನಲಿಲ್ಲ ಅಮ್ಮಾ. ಲಾಬ ಎಂದೋ ಏನೋ, ಸಂಬಂಧವಿಲ್ಲದ ಮಾತು."

"ಅಯ್ಯೋ, ಅದು ತಪ್ಪಲ್ಲ ಸಾರ್! ನಾವು ಎಣಿಸೋದೇ ಹಂಗೆ! ಕರೆಂಟು ಇಲ್ದಿದ್ರೂ ಹಂಗೇ ಎಣಿಸ್ತಾರೆ, ಮಣಿ ಕೊಟ್ಟು ನೋಡಿ ಬೇಕಾದ್ರೆ!"

ಅವರು ಬ್ಯಾಗನ್ನು ನನ್ನ ಕೈಗೇ ಕೊಟ್ಟು ಮೆಟ್ಟಿಲು ಹತ್ತಿದರು.

ಆ ಸಲ ನನ್ನನ್ನೂ ಒಳಗೆ ಕೂರಿಸಿಕೊಂಡರು. ಕರೆಂಟಿಲ್ಲದೆ ಮಣಿ ಕೊಟ್ಟರು, ನಮ್ಮವರು ಲಾಭ ಎಂದೇ ಶುರು ಮಾಡಿದರು. ಮೂರ್ಛೆಯ ಜಾಗದ ಆ ಚುಕ್ಕೆಗೆ ಕರೆಂಟು ಕೊಟ್ಟು ಚಿತ್ರಗಳನ್ನು ತೋರಿಸಿದರು. ಛತ್ರಿ, ಕುದುರೆ, ಕತ್ತರಿ, ಎಲ್ಲವನ್ನೂ ತಡವರಿಸದೆ ಹೇಳಿದರು. ಪಕ್ಕದ ಇನ್ನೊಂದು ಚುಕ್ಕೆಗೆ ಕೊಟ್ಟಾಗ ಮಾತ್ರ "ಇದು ಕು" ಎಂದವರು ಅಲ್ಲೇ ನಿಂತರು. ಬಾಯಿ ತೆರೆದೇ ಇತ್ತು, ಕಣ್ಣು ನನ್ನನ್ನೇ ನೋಡುತ್ತಿತ್ತು, ಮಾತಿರಲಿಲ್ಲ. ಕರೆಂಟು ತೆಗೆದೊಡನೆ "ಕುರ್ಚಿ" ಎಂದರು. ಜೀವಮಾನವಿಡೀ ಕೇಳಿ ಕೇಳಿ ಬೇಸತ್ತಿದ್ದ ಆ ದನಿ ಎಷ್ಟು ತೆಳುವಾದ ಜಾಗದ ಮೇಲೆ ನಿಂತಿದೆ ಎಂದು ಆಗ ತಿಳಿಯಿತು. ಭಯವಾಯಿತು, ಕೈ ತಾನಾಗಿ ಮುಗಿಯಿತು. ಅದನ್ನು ಇಷ್ಟು ವರ್ಷ ಕಾಪಾಡಿದ್ದು ಯಾರು, ನಾನೇ?

"ಮಾತಿನ ಎಲ್ಲೆ ಸಿಕ್ಕಿತು. ಅದನ್ನು ಬಿಟ್ಟು ತೆಗೆಯುತ್ತೇನೆ," ಎಂದರು ಡಾಕ್ಟರು.

ಆಪರೇಷನ್ ಆಯಿತು. ಎಚ್ಚರವಾದ ಮೇಲೆ ಡಾಕ್ಟರು ಪೆನ್ನು ತೋರಿಸಿ ಇದೇನು ಎಂದು ಕೇಳಿದರು. ನಮ್ಮವರು ಪೆನ್ನು ನೋಡಲಿಲ್ಲ, ನನ್ನ ಕಡೆ ನೋಡಿದರು. ಉತ್ತರ ಬರಲಿಲ್ಲ. ಆಮೇಲೆ ಒಣಗಿದ ದನಿಯಲ್ಲಿ, "ಪೆನ್ನು ಇರ್ಲಿ ಸಾಮಿ, ಇವ್ಳು ಊಟ ಮಾಡಿದ್ಲಾ ಕೇಳಿ," ಎಂದರು. ನಾನು ಅಲ್ಲೇ ಗೋಡೆಗೊರಗಿ ಗೊಳೋ ಎಂದು ಅತ್ತೆ.

ಮಾತ್ರೆ ಇನ್ನೂ ನುಂಗುತ್ತಾರೆ. ಮೂರ್ಛೆ ಮತ್ತೆ ಬಂದಿಲ್ಲ. ಡಾಕ್ಟರ ಕೈಯನ್ನೂ ಆ ಮೆತ್ತನೆಯ ಹಾಳೆ ಮಾಡಿದವರ ಬುದ್ಧಿಯನ್ನೂ ದಿನಾ ನೆನೆಯುತ್ತೇನೆ. ಅವರಿಗೆ ಆ ಬುದ್ಧಿ ಕೊಟ್ಟವನೇ, ನಾನು ಹಠ ಹಿಡಿದು ಕೂತ ದಿನ ಅರ್ಚಕರ ಬಾಯಲ್ಲಿ ನನ್ನನ್ನು ಕರೆದ ಎಂದೇ ನಾನು ನಂಬಿರುವುದು. ಬೇಕಾದದ್ದನ್ನು ಅವನು ಆಕಾಶದಿಂದ ಇಳಿಸಲಿಲ್ಲ, ನನ್ನ ನಾಲಿಗೆಯಿಂದಲೇ ತೆಗೆದುಕೊಟ್ಟ.

ಕೂದಲು ಬೆಳೆದ ಮೇಲೆ ಇಬ್ಬರೂ ಬಸ್ಸಿನಲ್ಲಿ ಹಳೇಬೀಡಿಗೆ ಹೋಗಿ ಅಭಿಷೇಕ ಮಾಡಿಸಿದೆವು. ಅರಸೀಕೆರೆಯಲ್ಲಿ ಕೂತಲ್ಲಿಂದ ನಮ್ಮವರ ಬಾಯಿ ನಿಂತಿದ್ದರೆ ಕೇಳಿ. ಕಂಡಕ್ಟರಿಗೆ ಆಪರೇಷನ್ ಕತೆ, ಪಕ್ಕದವರಿಗೆ ಕೊಬ್ಬರಿ ದರ, ಗರ್ಭಗುಡಿಯ ಮುಂದೆ ನಿಂತರೂ ಪೂಜೆಯವರ ಊರು ಯಾವುದೆಂಬ ವಿಚಾರಣೆ. ಸಾಕು ಸುಮ್ಮನಿರಿ ಅನ್ನಲು ಬಾಯಿ ತೆರೆದವಳು ಲಿಂಗದ ಕಡೆ ನೋಡಿ, ಹಾಗೇ ಮುಚ್ಚಿಕೊಂಡೆ.