ನಡುಸ್ನಾನದಲ್ಲಿ ಆರುವ ಗೀಸರು

ಮೈಗೆ ಸೋಪು ಹಚ್ಚಿಕೊಳ್ಳುವವರೆಗೂ ನಮ್ಮ ಮನೆಯ ಗ್ಯಾಸ್ ಗೀಸರಿನಷ್ಟು ಸಜ್ಜನರು ಹೊಸಪೇಟೆಯಲ್ಲಿ ಇನ್ನೊಬ್ಬರಿಲ್ಲ. ಹಚ್ಚಿಕೊಂಡ ಮರುಕ್ಷಣವೇ ಅದು ವೈರಾಗ್ಯ ತಾಳಿ, ಉರಿ ಆರಿಸಿಕೊಂಡು, ತಣ್ಣೀರನ್ನು ನನ್ನ ನೆತ್ತಿಯ ಮೇಲೆ ಸುರಿಯುತ್ತದೆ. ಬಳ್ಳಾರಿ ಸೀಮೆಯಲ್ಲಿ ಎಂಥ ಚಳಿ ಎಂದು ನಗುವವರು, ಮಾರ್ಗಶಿರದ ಬೆಳಿಗ್ಗೆ ಡ್ಯಾಮಿನ ಕಡೆಯಿಂದ ಗಾಳಿ ಬೀಸುವಾಗ ಕಣ್ಣಿನೊಳಗೆ ನೊರೆ ತುಂಬಿಕೊಂಡು ಒಮ್ಮೆ ನಿಂತು ನೋಡಬೇಕು. ಕಂಪ್ಲಿಯ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ನನಗೆ ಬೆಳಗಿನ ಬಸ್ಸು ಹಿಡಿಯುವ ಅವಸರ ಬೇರೆ. ಅರ್ಧ ಸ್ನಾನ, ಅರ್ಧ ಶಾಪ, ಇದೇ ನನ್ನ ನಿತ್ಯವಿಧಿಯಾಗಿತ್ತು.

ಹುಟ್ಟೂರು ಎಮ್ಮಿಗನೂರಿನ ನಮ್ಮ ಮನೆಯಲ್ಲಿ ಹಂಡೆಯ ಒಲೆಯ ಬಾಯಿ ಬಚ್ಚಲ ಗೋಡೆಯ ಆಚೆಗಿತ್ತು. ಒಬ್ಬರು ಸ್ನಾನ ಮಾಡಬೇಕಾದರೆ ಇನ್ನೊಬ್ಬರು ಹೊರಗೆ ಕೂತು ರವದಿ, ಎಂದರೆ ಕಬ್ಬಿನ ಒಣ ಗರಿ, ತುರುಕುತ್ತಿರಲೇಬೇಕು. ನನ್ನ ಪಾಲಿಗೆ ಆ ಇನ್ನೊಬ್ಬರು ಅಕ್ಕ. ಹೊಗೆಗೆ ಕೆಮ್ಮುತ್ತ, ನಡುನಡುವೆ ನನ್ನನ್ನು ಬೈಯುತ್ತ, ಓಣಿಯ ಸಮಸ್ತ ವಾರ್ತೆಯನ್ನು ಗೋಡೆಯಾಚೆಯಿಂದಲೇ ಬಿತ್ತರಿಸುತ್ತಿದ್ದಳು. ಮದುವೆಯ ಗೊಡವೆಗೆ ಹೋಗದ ನಾವಿಬ್ಬರೂ ಮುಂದೆ ಹೊಸಪೇಟೆಯ ಈ ಮಹಡಿ ಮನೆಗೆ ಬಾಡಿಗೆಗೆ ಬಂದೆವು. ಗೀಸರನ್ನು ಹಟ ಹಿಡಿದು ಹಾಕಿಸಿದವಳೂ ಅವಳೇ. ಹೋದ ವರ್ಷ ಅವಳು ತೀರಿಕೊಂಡಳು. ಆಮೇಲೆ ನಾನು ಬಚ್ಚಲಿಗೆ ಹೋದರೇನು, ಬಿಟ್ಟರೇನು, ಕೇಳುವವರಿಲ್ಲ.

ರಿಪೇರಿಯವರು ಬಂದರು. ಸೆಲ್ಲು ಬದಲಿಸಿದರು, ಬರ್ನರ್ ಉಜ್ಜಿದರು, ರೆಗ್ಯುಲೇಟರನ್ನು ಅತ್ತಿತ್ತ ತಿರುವಿದರು. ಅವರೆದುರು ಗೀಸರು, ವರನ ಕಡೆಯವರ ಮುಂದೆ ಕೂತ ಹುಡುಗಿಯಂತೆ, ವಿನಯದಿಂದ ಉರಿಯಿತು. ಅದು ಇರುವುದು ಹೊರಗೆ ಬಾಲ್ಕನಿಯಲ್ಲಿ, ನಳ ಇರುವುದು ಒಳಗೆ. ಆರುವ ಗಳಿಗೆಯನ್ನು ಕಣ್ಣಾರೆ ಕಂಡವರೇ ಇಲ್ಲ.

“ನೀವು ಒಳಗ ಜಳಕ ಮಾಡುವಾಗ ಒಬ್ರು ಹೊರಗ ನಿಂತು ಉರಿ ನೋಡ್ಬೇಕ್ರಿ ಮೇಡಂ,” ಎಂದರು ಅವರು. “ಮನ್ಯಾಗ ಯಾರೂ ಇಲ್ಲೇನ್ರಿ?”

“ಅದಾರ್ರಿ. ಊರಿಗೆ ಹೋಗ್ಯಾರ,” ಎಂದೆ.

ಇಷ್ಟು ಸಲೀಸಾಗಿ ಸುಳ್ಳು ಹೇಳಬಲ್ಲೆನೆಂದು ನನಗೇ ಗೊತ್ತಿರಲಿಲ್ಲ. ಅವರು ಮೆಟ್ಟಿಲಿಳಿದು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತೆ. ಗೀಸರಿನ ನೆಪದಲ್ಲಿ ಅಳುವ ಹೆಂಗಸು ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಕಡೆಗೆ ಒಂದು ಬೆಳಿಗ್ಗೆ ನೊರೆಮೈಗೆ ಹಳೆಯ ಸೀರೆ ಸುತ್ತಿಕೊಂಡು, ಬಚ್ಚಲ ನಳ ನಿಲ್ಲಿಸದೆಯೇ ಬಾಲ್ಕನಿಗೆ ಓಡಿದೆ. ಉರಿ ಆರಿತ್ತು. ಕೆಳಗಿನ ಹಿತ್ತಲಲ್ಲಿ ಮನೆಯೊಡತಿ ಶಾಂತಮ್ಮ ನಳ ಪೂರ್ತಿ ತಿರುವಿ ದೊಡ್ಡ ಪಾತೇಲಿ ತೊಳೆಯುತ್ತಿದ್ದರು. ಅವರು ನಳ ನಿಲ್ಲಿಸಿದರು. ನನ್ನ ಕಣ್ಣೆದುರೇ ಉರಿ ಭಗ್ಗನೆ ಹೊತ್ತಿತು. ದೀಪಾವಳಿಯಿಂದೀಚೆಗೆ ಆಕೆ ಕಡ್ಡಿರಾಂಪುರದ ಹೋಟೆಲುಗಳಿಗೆ ರೊಟ್ಟಿ, ಪಲ್ಯ ಮಾಡಿ ಕಳಿಸುತ್ತಿದ್ದರು. ಎರಡು ಮನೆಗೂ ಒಂದೇ ಟ್ಯಾಂಕು, ಒಂದೇ ಪೈಪು. ಕೆಳಗೆ ನೀರು ಹರಿದರೆ ಮೇಲಿನ ಧಾರೆ ಕ್ಷೀಣಿಸುತ್ತದೆ, ಧಾರೆ ಕ್ಷೀಣಿಸಿದರೆ ಗೀಸರು ಆರುತ್ತದೆ.

ಹೋಗಿ ಹೇಳಿದೆ. ಮೊದಲೇ ಹೇಳಬಾರದಿತ್ತೇ ಎಂದು ಆಕೆ ನೊಂದುಕೊಂಡರು. ನನ್ನ ಸ್ನಾನ ಮುಗಿಯುವತನಕ ನಳ ಮುಟ್ಟುವುದಿಲ್ಲವೆಂದರು. ಮುಟ್ಟಲೂ ಇಲ್ಲ. ನೀರು ಕೊನೆಯ ಹನಿಯವರೆಗೂ ಬಿಸಿಯಾಗಿ ಬಂತು. ಆದರೆ ಓದುಗ ಮಿತ್ರರೇ, ದಿನಾ ಕೆಳಗಿನಿಂದ ಕೇಳಿಬರುತ್ತಿದ್ದ ಪಾತ್ರೆಗಳ ಸಪ್ಪಳವಿಲ್ಲದ ಆ ಬಚ್ಚಲಿನಷ್ಟು ನಿಶ್ಶಬ್ದವಾದ ತಾಣವನ್ನು ನಾನು ಹಂಪಿ ಬಜಾರಿನ ಮಧ್ಯಾಹ್ನದ ಮಂಟಪಗಳಲ್ಲೂ ಕಂಡಿಲ್ಲ. ಕಿವಿಗೊಟ್ಟು ನಿಲ್ಲುತ್ತಿದ್ದೆ. ಕೆಳಗೆ ಆಕೆಯೂ ನನಗಾಗಿ ಸುಮ್ಮನೆ ಕಾಯುತ್ತ ಕೂತಿರುತ್ತಿದ್ದರು. ಇಷ್ಟು ದಿನ ತಣ್ಣೀರೆಂದು ನಾನು ಶಪಿಸಿದ್ದು, ಹತ್ತಿರದಲ್ಲೊಬ್ಬರು ಎದ್ದು ಓಡಾಡುತ್ತಿದ್ದಾರೆಂಬ ಸುದ್ದಿಯನ್ನು. ಅದು ನಿಂತ ಮೇಲೆ ಒಂಟಿತನ ಮೈ ಕೊರೆಯತೊಡಗಿತು.

ಒಂದು ಸಂಜೆ ಕೆಳಗಿಳಿದು ಹೋಗಿ, ಗೀಸರು ರಿಪೇರಿಯಾಗಿದೆ, ನಿಮ್ಮ ಕೆಲಸ ನಿಮ್ಮ ಹೊತ್ತಿಗೆ ಮಾಡಿಕೊಳ್ಳಿ ಎಂದೆ. ಖರೇ ಏನ್ರಿ ಎಂದು ಮತ್ತೆ ಮತ್ತೆ ಕೇಳಿದರು. ಖರೇನ್ರಿ ಎಂದೆ.

ಮರುದಿನ ಸೋಪು ಹಚ್ಚಿಕೊಂಡ ಹೊತ್ತಿಗೆ ಸರಿಯಾಗಿ ಕೆಳಗೆ ಪಾತೇಲಿ ಧಣ್ಣೆಂದಿತು, ನೀರು ತಣ್ಣಗಾಯಿತು. ಹಲ್ಲು ಕಟಕಟ ಕಡಿಯುತ್ತ ನಿಂತಿದ್ದೆ. ಹಿತ್ತಲಿನಿಂದ ಶಾಂತಮ್ಮನ ದನಿ ಬಂತು.

“ಟೀಚರ್ರ, ನೀರು ಬಿಸಿ ಬರಾಕತ್ತಾವೇನ್ರಿ?”

“ಭಾಳ ಬಿಸಿ ಅದಾವ್ರಿ,” ಎಂದು ಕಿಟಕಿಯ ಕಡೆ ಮುಖ ಮಾಡಿ ಕೂಗಿದೆ. “ನೀವು ತೊಳೀರಿ.”