ಸೂಜಿಗೆ ದಾರ ಪೋಣಿಸಿ ಕೊಂಡ ಮನೆ

ಮನೆ ಕೊಳ್ಳುವವರು ಸಾಮಾನ್ಯವಾಗಿ ಗೋಡೆ ತಟ್ಟುತ್ತಾರೆ, ಬಾವಿಯ ನೀರು ಕುಡಿಯುತ್ತಾರೆ, ಬಾಗಿಲು ಯಾವ ದಿಕ್ಕಿಗಿದೆಯೆಂದು ವಿಚಾರಿಸುತ್ತಾರೆ. ನನ್ನ ಹೆಂಡತಿ ಶಾರದೆ ಮಾತ್ರ ನಡುಮನೆಯಲ್ಲಿ ನಿಂತು ಸೂಜಿಗೆ ದಾರ ಪೋಣಿಸಿ ನೋಡುತ್ತಿದ್ದಳು. ದೀಪ ಹಾಕದೆ ಒಂದೇ ಸಲಕ್ಕೆ ದಾರ ಒಳಹೊಕ್ಕರೆ ಮನೆ ಪಾಸು.

ನಗಬೇಡಿ. ಎಂಬತ್ತರ ದಶಕದಲ್ಲಿ ಬಂಗಾರಪೇಟೆಯ ನಮ್ಮ ಬಾಡಿಗೆ ಮನೆಯಲ್ಲಿ ನಡುಮಧ್ಯಾಹ್ನವೂ ಬಲ್ಬು ಉರಿಯಬೇಕಿತ್ತು. ಬಿ.ಎಸ್ಸಿ. ಓದಿ ಹೈಸ್ಕೂಲಿನಲ್ಲಿ ಬೆಳಕಿನ ಪಾಠ ಹೇಳುವ ನಾನು ಮನೆಯಲ್ಲಿ ಚಪ್ಪಲಿ ತಡಕುತ್ತಿದ್ದೆ. ಶಾರದೆ ಊರವರ ರವಿಕೆ ಹೊಲಿಯುತ್ತಿದ್ದಳು. ಕರೆಂಟಿನ ಖರ್ಚು ಬಾಡಿಗೆಯಲ್ಲೇ ಸೇರಿದ್ದರಿಂದ ಒಂದೊಂದು ರವಿಕೆಗೂ ಮನೆ ಮಾಲೀಕರ ಹೊಟ್ಟೆ ಉರಿಯುತ್ತಿತ್ತು. “ಅಗಲೊತ್ತೂ ದೀಪ ಆಕ್ಕೊಂಡು ಕೂತ್ರೆ ಎಂಗೆ ಮೇಷ್ಟ್ರೇ? ಒಲಿಗೆ ಬಿಡ್ಸಿ, ಇಲ್ಲಾ ಮನೆ ಬಿಡಿ” ಎಂದು ತಿಂಗಳ ಗಡುವು ಕೊಟ್ಟರು. ಹೊಲಿಗೆ ಬಿಡುವ ಮಾತು ಶಾರದೆಯ ಕಿವಿಗೇ ಬೀಳಲಿಲ್ಲ.

ರಾಬರ್ಟ್‌ಸನ್‌ಪೇಟೆಯಲ್ಲಿ ಚಿನ್ನದ ಗಣಿಯಿಂದ ನಿವೃತ್ತರಾದ ಮುನಿಸ್ವಾಮಿ ತಮ್ಮ ಹೆಂಚಿನ ಮನೆ ಮಾರುವವರಿದ್ದರು. ಅಷ್ಟೇ ಉದ್ದಗಲದ ಪಕ್ಕದ ಮನೆಯೂ ಮಾರಾಟಕ್ಕಿತ್ತು. ಆದರೆ ಇವರ ಸೂರಿನಲ್ಲಿ ಎರಡು ಗಾಜಿನ ಹೆಂಚುಗಳಿದ್ದುದರಿಂದ ಬೆಲೆ ಹೆಚ್ಚು. “ಕರೆಂಟ್ ಬಿಲ್ ನೋಡಿ ಸಾರ್, ಅಗಲಲ್ಲಿ ಸ್ವಿಚ್ಚೇ ಮುಟ್ಟಲ್ಲ” ಎಂದರು. ಸೂರ್ಯ ಬೆಳಕಿಗೆ ಬಾಡಿಗೆ ಕೇಳುವುದಿಲ್ಲವೆಂದು ನಂಬಿದ್ದೆ. ಅವನ ಪರವಾಗಿ ವಸೂಲಿ ಮಾಡುವವರಿದ್ದಾರೆಂದು ಅಂದು ತಿಳಿಯಿತು.

ನಾನು ಹೆಂಚಿನಿಂದ ಇಳಿದ ನಡುಹಗಲಿನ ಬಿಸಿಲಿನ ಚೌಕದಲ್ಲಿ ನಿಂತು, ಗಾಜಿನೊಳಗೆ ಬೆಳಕು ಬಾಗುವ ಬಗೆಯನ್ನು ಅವರಿಗೆ ವಿವರಿಸತೊಡಗಿದೆ. ಶಾರದೆ ಸೂಜಿ ಎತ್ತಿದಳು. “ಬೆಳಕಿಗೆ ಅಡ್ಡ ನಿಂತಿದ್ದೀರ, ಒಸಿ ಇತ್ಲಾಗೆ ಬನ್ನಿ.” ಎರಡು ಹೆಜ್ಜೆ ಸರಿದೆ. ಕಾಲಡಿಯಲ್ಲಿ ದಡ್ ಎಂದಿತು. ಮನೆಯೇ ಒಮ್ಮೆ ನಡುಗಿತು. ಗಾಜಿನ ಹೆಂಚೊಂದು ಜಾರಿ, ನಾನು ನಿಂತಿದ್ದ ಜಾಗಕ್ಕೇ ಬಿದ್ದು ಚೂರಾಯಿತು. ಆ ಎರಡು ಹೆಜ್ಜೆಗಳನ್ನು ಇಂದಿಗೂ ನಿದ್ದೆಯಲ್ಲಿ ಇಡುತ್ತಿರುತ್ತೇನೆ.

ಮುನಿಸ್ವಾಮಿ ಪಾತ್ರೆಗಳು ಉರುಳದಂತೆ ಗೋಡೆಯ ಹಲಗೆಯನ್ನು ಒಂದು ಕೈಯಿಂದ ಹಿಡಿದುಕೊಂಡರು. ಅಲ್ಲಿಯವರಿಗೆ ಅದು ಆಕಳಿಕೆ ಬಂದಾಗ ಬಾಯಿಗೆ ಕೈ ಅಡ್ಡ ಹಿಡಿದಷ್ಟು ಸಹಜ. “ಭಯ ಬೇಡ ಸಾರ್, ಕೆಳಗೆ ಗಣೀಲಿ ಬಂಡೆ ಸಿಡಿದೈತೆ, ಅಷ್ಟೇ.” ಆಮೇಲೆ ಸೂರಿನ ತೂತು ನೋಡಿ, “ಇನ್ಮೇಲೆ ಗಾಳೀನೂ ಬತ್ತೈತೆ. ಫ್ಯಾನೂ ಬೇಕಿಲ್ಲ” ಎಂದರು.

ಹೊರಟುಬಿಡೋಣವೆಂದು ನಾನು ಹೆಂಡತಿಗೆ ಬಾಗಿಲು ತೋರಿಸಿದೆ. ಅವಳು ನನಗೆ ದಾರ ಪೋಣಿಸಿದ ಸೂಜಿ ತೋರಿಸಿದಳು. ಒಂದೇ ಸಲಕ್ಕೆ, ಅದೂ ಮನೆ ನಡುಗುವಾಗ.

“ಗಾಳಿ ಬಂದ ದಾರೀಲೇ ಮಳೇನೂ ಬತ್ತೈತೆ ಯಜಮಾನ್ರೇ. ಪಕ್ಕದ್ಮನೆ ಬೆಲೆಗೇ ಕೊಡಿ, ಎಂಚು ನಾವೇ ಆಕ್ಕೊತೀವಿ” ಎಂದಳು ಮುನಿಸ್ವಾಮಿಯವರಿಗೆ.

ಮುನಿಸ್ವಾಮಿ ಹಲಗೆ ಬಿಟ್ಟು ತಲೆ ಕೆರೆದುಕೊಂಡರು. “ಅಮ್ಮಾ, ಚೌಕಾಸಿ ಮಾಡೋದು ನೀವು ಅಂತ ಮೊದ್ಲೇ ಗೊತ್ತಿದ್ರೆ ನಾನು ಮನೇನೇ ತೋರಿಸ್ತಿರ್ಲಿಲ್ಲ.”

ಕೊಂಡೆವು. ವರ್ಷಗಳಾದವು. ಶಾರದೆ ಹೊಲಿಗೆ ಮಿಷನ್ನನ್ನು ಹೊಸ ಗಾಜಿನ ಹೆಂಚಿನ ಕೆಳಗೇ ಇಟ್ಟುಕೊಂಡು ರಾಣಿಯಂತೆ ಕೂರುತ್ತಾಳೆ. ಹೆಂಚು ಬೀಳುವುದು ನೇರ, ಬೆಳಕು ಬೀಳುವುದು ಓರೆ ಎಂದು ಮಕ್ಕಳಿಗೆ ಪಾಠ ಹೇಳಿದ ನಾನು ಎರಡಕ್ಕೂ ಸಿಕ್ಕದಂತೆ ದೂರದ ಮೂಲೆ ಸೇರಿ, ಹಾಡಹಗಲೇ ಬಲ್ಬು ಹಾಕಿಕೊಂಡು ಪೇಪರು ಓದುತ್ತೇನೆ.