ಬಾವುಟಕ್ಕೆ ಇಟ್ಟ ಕುಂಕುಮ

ಸಯನ್ ರೈಲ್ವೆ ಸ್ಟೇಷನ್ ಬಳಿ ಚಾ ಹೋಟೆಲು ಇಟ್ಟಿದ್ದ ಪೂವಪ್ಪನಿಗೆ ಭಕ್ತಿ ಸ್ವಲ್ಪ ಹೆಚ್ಚೇ. ಆಯುಧಪೂಜೆ ಬಂತೆಂದರೆ ಅರೆಯುವ ಕಲ್ಲು, ಕೆಟ್ಲು, ದೋಸೆಕಾವಲಿ, ಕೊನೆಗೆ ಗಿರಾಕಿಗಳು ಕೂರುವ ಬೆಂಚಿಗೂ ಗಂಧ ಕುಂಕುಮ ಹಚ್ಚದೆ ಬಿಡುವವನಲ್ಲ. ೧೯೫೫ರಲ್ಲಿ ಪೆಟ್ಟಿಗೆಯಲ್ಲಿದ್ದ ರಾಷ್ಟ್ರಧ್ವಜವನ್ನೂ ದೇವರ ಮುಂದಿಟ್ಟು, ಚಕ್ರದ ನಟ್ಟನಡುವೆ ಕಾಸಿನಗಲ ಕುಂಕುಮವಿಟ್ಟ. ಅವನಿಗೆ ಗೊತ್ತಿದ್ದ ಮರ್ಯಾದೆ ಅದೊಂದೇ, ಪಾಪ.

ಆ ಬಾವುಟವೆಂದರೆ ಅವನಿಗೆ ಜೀವ. ಬಿಳಿಯರ ಕಾಲದಲ್ಲಿ, ಇನ್ನೊಬ್ಬರ ಹೋಟೆಲಿನಲ್ಲಿ ಲೋಟ ತೊಳೆಯುತ್ತಿದ್ದಾಗ, ಮೆರವಣಿಗೆಗೆ ಹೋಗಿ ಬಾವುಟ ಹಿಡಿದಿದ್ದ. ಪೊಲೀಸರು ಅದನ್ನು ಕಸಿದು ಕಣ್ಣೆದುರೇ ಸುಟ್ಟರು. ಲಾಠಿಯ ಏಟು ಬಿದ್ದ ಎಡಗೈ ಇಂದಿಗೂ ನೆಟ್ಟಗಾಗಿಲ್ಲ. ಸ್ವಾತಂತ್ರ್ಯ ಬಂದ ವರ್ಷ ಹೊಸ ಬಾವುಟ ಕೊಂಡವನು ಅಲ್ಲಿಂದಾಚೆ ರಾಷ್ಟ್ರೀಯ ಹಬ್ಬ ತಪ್ಪದೆ ಏರಿಸುತ್ತಿದ್ದ. ಹರಳೆಣ್ಣೆಯ ಡಬ್ಬದ ಮೇಲೆ ಯಾರೋ ಬಾವುಟದ ಚಿತ್ರ ಹಾಕಿದ್ದಾಗ, “ಇದಕ್ಕೆ ಕಾನೂನು ಬೇಡ್ವಾ?” ಎಂದು ಅಂಗಡಿಯವನೊಡನೆ ಜಗಳವಾಡಿದ್ದೂ ಇವನೇ.

ಆ ಪೂಜೆ ಕಳೆದು ಬಂದ ಜನವರಿ ಇಪ್ಪತ್ತೈದರ ಸಂಜೆ, ಮರುದಿನದ ಗಣರಾಜ್ಯೋತ್ಸವಕ್ಕೆ ಇಸ್ತ್ರಿ ಮಾಡಲೆಂದು ಬಾವುಟ ಬಿಡಿಸಿದ. ಆಗಲೇ ನಾಣಿ ಚಾ ಕುಡಿಯಲು ಬಂದರು. ಮೈಸೂರು ಕಡೆಯವರು, ಸರ್ಕಾರಿ ಗುಮಾಸ್ತರು. ಒಳ್ಳೆಯವರೇ, ಆದರೆ ಕಾಗದದಲ್ಲಿ ಬರೆದದ್ದೇ ಅವರಿಗೆ ವೇದ.

“ಇದನ್ನ ಹಾರಿಸ್ತೀರಾ ಪೂವಪ್ಪನೋರೆ? ಬಾವುಟದ ಮೇಲೆ ಯಾವ ಗುರುತೂ ಇರಕೂಡ್ದು. ನಮ್ಮ ಆಫೀಸಿಗೆ ರೂಲ್ಸ್ ಬಂದಿದೆ.”

“ಗುರುತಲ್ಲ ಮಾರಾಯ್ರೆ, ಕುಂಕುಮ ಅದು. ತೊಳೆದ್ರೂ ಹೋಗುದಿಲ್ಲ.”

ನಾಣಿ ಚೀಲದಿಂದ ಕಾಗದ ತೆಗೆದು ಓದಿದರು. “ಹಾಗಾದ್ರೆ ಇದು ಕೆಟ್ಟಿದ್ದು ಅಂತಲೇ ಲೆಕ್ಕ. ಯಾರಿಗೂ ಕಾಣದ ಹಾಗೆ, ಗೌರವದಿಂದ ಸುಡ್ಬೇಕು.”

ಪೂವಪ್ಪನ ತಲೆ ಗಿರ್ರೆಂದಿತು. “ಸುಡುದಾ? ಅವತ್ತು ಸುಟ್ಟವ್ರನ್ನ ಪಾಪಿಗಳು ಅಂತ ಬೈದದ್ದು ನಾವೇ ಅಲ್ವಾ?”

“ಅವರು ಅವಮಾನಕ್ಕೆ ಸುಟ್ರು. ನೀವು ಮರ್ಯಾದೆಗೆ ಸುಡ್ತೀರಿ.”

“ಪೂಜೆ ಮಾಡಿದ್ದನ್ನ ನೀರಿಗೆ ಬಿಡುದಲ್ವಾ?” ಎಂದಳು ಒಳಗಿನಿಂದ ಬಂದ ಹೆಂಡತಿ ಸೇವಂತಿ.

“ನೀರಿನ ಮಾತು ಇದರಲ್ಲಿ ಇಲ್ಲಮ್ಮ.”

ಪೂವಪ್ಪನಿಗೆ ಯಾರು ಹೇಳಿದ್ದೂ ಸರಿಯೆನಿಸಿತು, ಯಾರು ಹೇಳಿದ್ದೂ ತಪ್ಪೆನಿಸಿತು. ಕಾನೂನು ಬೇಕೆಂದು ಕೂಗಿದ್ದವನು ಈಗ ಯಾವ ಬಾಯಲ್ಲಿ ಬೇಡವೆನ್ನುವುದು? ನಾಣಿಯನ್ನೂ ಸೇವಂತಿಯನ್ನೂ ಒಳಗೆ ಕರೆದು ಅಡುಗೆಮನೆಯ ಬಾಗಿಲು ಹಾಕಿ, ತೊಳೆದ ಬಾಣಲೆಯಲ್ಲಿ ಬಾವುಟವನ್ನು ಮಡಚಿಟ್ಟ. ಕಡ್ಡಿ ಗೀರಿದ. ಬಟ್ಟೆ ಹತ್ತಿಕೊಂಡಾಗ ಮುಚ್ಚುಮರೆಯಿಲ್ಲದೆ ಅತ್ತುಬಿಟ್ಟ. ಸೇವಂತಿ ಗೋಡೆಯ ಕಡೆ ತಿರುಗಿದಳು.

ಬೆಂಕಿ ಆರಿದ ಮೇಲೆ ಪೂವಪ್ಪ ಬೂದಿಯನ್ನು ಒಂದು ಬೆರಳಲ್ಲಿ ಮುಟ್ಟಿದ.

“ಇದನ್ನ ಹಣೆಗೆ ಹಚ್ಚಿಕೊಳ್ಬಹುದಾ ನಾಣಿಯವ್ರೇ? ಅದೂ ತಪ್ಪಾ?”

ನಾಣಿ ಕಾಗದವನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಆ ವಿಷಯ ಅದರಲ್ಲಿ ಇರಲಿಲ್ಲ. ಪೂವಪ್ಪ ಬೆರಳನ್ನು ಹಣೆಯ ಹತ್ತಿರವೇ ಹಿಡಿದುಕೊಂಡು ಅವರ ಉತ್ತರಕ್ಕೆ ಕಾದ.